ಸೀಮಂತದ ಆಲ್ಬಮ್

"ಗುರುಗಳೇ, ಒಬ್ಬರ ಮನಸ್ಸು ನೋಯಬಾರದೆಂದು ಕಂಡದ್ದನ್ನು ಒಂಚೂರು ತಿದ್ದಿ ಹೇಳಿದರೆ ಅದು ಸುಳ್ಳೋ, ದಯೆಯೋ?" ಎಂದು ಶಿಷ್ಯ ಕೇಳಿದ.

"ಯಾರ ಮನಸ್ಸು?" ಎಂದರು ಗುರುಗಳು.

"ಯಾರದೂ ಅಲ್ಲ. ಸುಮ್ಮನೆ ಹೊಳೆಯಿತು, ಕೇಳಿದೆ," ಎಂದ ಶಿಷ್ಯ, ಬಾಗಿಲ ಕಡೆ ನೋಡುತ್ತಾ.

"ಹಾಗಾದರೆ ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮದುವೆ, ನಾಮಕರಣ, ಸೀಮಂತ, ಯಾವುದಿದ್ದರೂ ಅವನನ್ನೇ ಕರೆಯುತ್ತಿದ್ದರು. ಅವನ ಚಿತ್ರದಲ್ಲಿ ಯಾರೂ ಕಪ್ಪಗಿರುತ್ತಿರಲಿಲ್ಲ, ಯಾರಿಗೂ ವಯಸ್ಸಾಗಿರುತ್ತಿರಲಿಲ್ಲ. ಊರಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಅವನು ರಾ ಫೈಲಿನಲ್ಲೇ ಚಿತ್ರ ತೆಗೆಯುತ್ತಿದ್ದ. ಉಳಿದವರ ಕ್ಯಾಮೆರಾ ಕಂಡದ್ದರಲ್ಲಿ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಸಾಡುತ್ತಿತ್ತು. ರಾ ಫೈಲು ಏನನ್ನೂ ಬಿಸಾಡುವುದಿಲ್ಲ. ಬರೀ ಕತ್ತಲೆಂದು ಕಂಡ ಜಾಗವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಅಲ್ಲಿದ್ದದ್ದು ಎದ್ದು ಬರುತ್ತದೆ. ಎಷ್ಟು ತಿದ್ದಿದರೂ ಮೂಲ ಹಾಗೆಯೇ ಇರುತ್ತದೆ. "ನಾನು ಮೂಲವನ್ನು ಮುಟ್ಟುವವನಲ್ಲ," ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ಆಲ್ಬಮ್ ಕೊಟ್ಟ ಮರುದಿನ ಆ ಮೂಲವನ್ನು ಅಳಿಸಿಹಾಕುತ್ತಿದ್ದ. ಅದು ಬಹಳ ಜಾಗ ತಿನ್ನುತ್ತಿತ್ತು.

ಒಂದು ಸೀಮಂತಕ್ಕೆ ಹೋದ. ಬಸುರಿ ಹುಡುಗಿ ಹಸಿರು ಸೀರೆಯುಟ್ಟು, ಸೆರಗನ್ನು ಕತ್ತಿನವರೆಗೂ ಹೊದ್ದು ಕೂತಿದ್ದಳು. ಅಲ್ಲಿ ಅವನಿಗೆ ಕಂಡದ್ದು ಸೆರಗಿನ ನೆರಳು ಮಾತ್ರ. ಅಂಗಡಿಗೆ ಬಂದು ಆ ನೆರಳನ್ನು ಬೆಳಗಿಸಿದಾಗ ಕತ್ತಿನ ಮೇಲೆ ಬೆರಳಿನ ಗುರುತುಗಳು ಕಂಡವು. ಗಂಡಸಿನ ಕೈ. ಚರ್ಮ ನೀಲಿಗಟ್ಟಿತ್ತು.

ಅವನು ಸ್ವಲ್ಪ ಹೊತ್ತು ನೋಡಿದ. ಶುಭಕಾರ್ಯದ ಆಲ್ಬಮ್ಮಿನಲ್ಲಿ ಇದೇಕೆ ಎಂದುಕೊಂಡ. ಮೊಡವೆ ಒರೆಸುವ ಹಾಗೆಯೇ ಒರೆಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಗಂಡನ ಮನೆಯವರು ಬಹಳ ಮೆಚ್ಚಿದರು. ಹುಡುಗಿ ಮಾತ್ರ ಒಂದು ಪುಟ ತೆರೆದು, ಚಿತ್ರದಲ್ಲಿದ್ದ ತನ್ನ ಕತ್ತನ್ನೇ ತುಂಬಾ ಹೊತ್ತು ನೋಡಿದಳು.

ಹೆರಿಗೆಗೆ ಮೊದಲೇ ಅವಳು ಸತ್ತಳು. ಬಚ್ಚಲಲ್ಲಿ ಜಾರಿಬಿದ್ದಳು ಎಂದರು. ಹಾರ ಹಾಕಲು ದೊಡ್ಡದೊಂದು ಚಿತ್ರ ಬೇಕೆಂದು ಹೇಳಿಕಳಿಸಿದರು. ಛಾಯಾಗ್ರಾಹಕ ಸೀಮಂತದ ಚಿತ್ರವನ್ನೇ ದೊಡ್ಡದು ಮಾಡಿಕೊಟ್ಟ.

ಆಮೇಲೆ ಹುಡುಗಿಯ ತಾಯಿ ಅಂಗಡಿಗೆ ಬಂದಳು.

"ಬಳೆ ತೊಡಿಸುವಾಗ ಅವಳ ಕತ್ತಿನಲ್ಲಿ ಏನೋ ಕಂಡಂಗಾಯ್ತು ಕಣಪ್ಪ. ಕೇಳಿದರೆ ಸೆರಗು ಎಳಕೊಂಡಳು. ನಾನು ಬರೋ ಅಷ್ಟರಲ್ಲಿ ಹೆಣ ಸುಟ್ಟುಬಿಟ್ಟಿದ್ದರು. ಪೊಲೀಸರು ಗುರುತು ತೋರಿಸು ಅಂತಾರೆ. ನಿನ್ನ ಫೋಟೋದಲ್ಲಿ ಇದ್ದೇ ಇರುತ್ತೆ, ಕೊಡು."

"ಚೆನ್ನಾಗಿ ಕಾಣಲಿ ಅಂತ ಒರೆಸಿಬಿಟ್ಟೆನಮ್ಮಾ. ಮೂಲ ಉಳಿದಿಲ್ಲ."

"ಚೆನ್ನಾಗಿಯೇ ಕಾಣ್ತಾಳೆ ಬಿಡಪ್ಪ," ಎಂದಳು ತಾಯಿ. "ಊದುಬತ್ತಿ ಹಚ್ಚಿಟ್ಟಿದ್ದಾರೆ."

ಛಾಯಾಗ್ರಾಹಕ ಠಾಣೆಗೆ ಹೋಗಿ, ತಾನು ಕಂಡದ್ದನ್ನೂ ಒರೆಸಿದ್ದನ್ನೂ ಹೇಳಿದ. ಇನ್ಸ್‌ಪೆಕ್ಟರರ ಮೇಜಿನ ಮೇಲೆ ಆಲ್ಬಮ್ ಇತ್ತು. ಗಂಡನ ಮನೆಯವರು ಮೊದಲೇ ತಂದುಕೊಟ್ಟಿದ್ದರು.

"ಇದು ನೀನೇ ತೆಗೆದದ್ದಾ?"

"ಹೌದು ಸ್ವಾಮಿ."

"ಒಂದು ಗೀರೂ ಇಲ್ಲವಲ್ಲಯ್ಯಾ. ನಿನ್ನ ಬಾಯನ್ನು ನಂಬಲೋ, ನಿನ್ನ ಕೈಯನ್ನು ನಂಬಲೋ?"

ಅಷ್ಟು ಒಳ್ಳೆಯ ಚಿತ್ರವನ್ನು ನಂಬದಿರಲು ಕಾರಣವಿರಲಿಲ್ಲ. ವಿಚಾರಣೆ ಅಲ್ಲಿಗೇ ಮುಗಿಯಿತು. ಮುಂದೆ ಗಂಡನಿಗೆ ಎರಡನೆಯ ಹೆಣ್ಣು ಹುಡುಕುವಾಗಲೂ ಮನೆಯವರು ಅದೇ ಆಲ್ಬಮ್ ತೋರಿಸುತ್ತಿದ್ದರು. ಸೊಸೆಯನ್ನು ಹೇಗೆ ನೋಡಿಕೊಂಡಿದ್ದೆವು ನೀವೇ ನೋಡಿ ಎನ್ನುತ್ತಿದ್ದರು. ನೋಡಿದವರು ಒಪ್ಪಿ ಹೆಣ್ಣು ಕೊಟ್ಟರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನೆಲ ನೋಡುತ್ತಿದ್ದ. "ಆದರೂ ಅವನ ಉದ್ದೇಶ ಕೆಟ್ಟದ್ದಾಗಿರಲಿಲ್ಲವಲ್ಲ, ಗುರುಗಳೇ," ಎಂದ.

"ಇರಲಿಲ್ಲ," ಎಂದರು ಗುರುಗಳು. "ಈಗ ನಿನ್ನ ಪ್ರಶ್ನೆಯನ್ನು, ತಿದ್ದುವ ಮೊದಲು ಹೇಗಿತ್ತೋ ಹಾಗೆ ಕೇಳು."