ಈಳಿಗೆ ಮತ್ತು ಕೋಳಿಯ ರೋಗಾಣು

ಚೆಲುವಮ್ಮ ಕೋಳಿ ಕತ್ತರಿಸಿ ಒಲೆಯ ಮೇಲಿಟ್ಟಳು. ಈಳಿಗೆಯ ಅಲಗಿನಲ್ಲಿ ಉಳಿದುಕೊಂಡ ಒಂದು ರೋಗಾಣು ಕೇಳಿತು: "ಮುಂದಿನ ಸರದಿ ಯಾರದು?"

"ಸೌತೆಕಾಯಿಯದು. ಕೋಸಂಬರಿಗೆ," ಎಂದಿತು ಈಳಿಗೆ.

"ಒಳ್ಳೆಯದಾಯಿತು. ಕೋಳಿ ಬೇಯುತ್ತದೆ, ಕೋಸಂಬರಿ ಬೇಯುವುದಿಲ್ಲ. ಫಾರಮ್ಮಿನಲ್ಲಿ ಕೋಳಿಗಳ ಮೇವಿಗೇ ಔಷಧಿ ಬೆರೆಸುತ್ತಿದ್ದರು. ನಮ್ಮವರೆಲ್ಲ ಸತ್ತರು. ಔಷಧಿಯನ್ನು ಸೋಲಿಸುವ ವಿದ್ಯೆ ಇದ್ದ ನಾನು ಉಳಿದೆ. ಈ ಮನೆಯವರ ಹೊಟ್ಟೆಯಲ್ಲಿರುವ ರೋಗಾಣುಗಳನ್ನು ಒಮ್ಮೆ ಮುಟ್ಟಿದರೆ ಸಾಕು, ಅವಕ್ಕೂ ಕಲಿಸಿಬಿಡುತ್ತೇನೆ. ಆಮೇಲೆ ಡಾಕ್ಟರು ಕೊಡುವ ಮಾತ್ರೆ ಬರೀ ಸುಣ್ಣದ ತುಂಡು. ನನ್ನನ್ನು ದಾಟಿಸುವೆಯಾ?"

"ಬೇಡವೆಂದು ತಳ್ಳಲು ನನಗೆ ಕೈಯಿಲ್ಲ," ಎಂದಿತು ಈಳಿಗೆ. "ಇವಳೋ, ದಿನವೂ ಬಟ್ಟೆಯಲ್ಲಿ ಒರೆಸಿ ಮುಗಿಸುವವಳು."

ಚೆಲುವಮ್ಮ ಅಲಗನ್ನು ಒರೆಸಿ, ಸೌತೆಕಾಯಿ ಹಿಡಿದು ಕೂತಳು. ಕೂತವಳು ತಟ್ಟನೆ ಎದ್ದಳು.

"ಅಯ್ಯೋ, ಇವತ್ತು ಪಕ್ಕದ್ಮನೆ ಸರ್ವಮಂಗಳಕ್ಕ ಊಟಕ್ಕೆ ಬರ್ತಾರೆ! ಅವರು ಮಾಂಸ ತಿನ್ನೋರಲ್ಲ. ಕೋಸಂಬರೀಲಿ ಕೋಳಿ ವಾಸನೆ ಬಂದ್ರೆ ಏನಂದ್ಕೋತಾರೆ?"

ಅಲಗಿಗೆ ಸೋಪು ಹಚ್ಚಿ ಉಜ್ಜಿದಳು, ಚೊಂಬು ತುಂಬ ಕುದಿಯುವ ನೀರು ಸುರಿದಳು, ಕೈಯನ್ನೂ ಸೌತೆಕಾಯಿಯನ್ನೂ ತೊಳೆದಳು. ಔಷಧಿಗೆ ಸಾಯದ ರೋಗಾಣು ಬಿಸಿನೀರಿಗೆ ಸತ್ತಿತು.

"ಅಬ್ಬಾ!" ಎಂದು ಈಳಿಗೆ ಉಸಿರು ಬಿಟ್ಟಿತು. "ದೇವರೇ, ಸರ್ವಮಂಗಳಕ್ಕ ದಿನಾ ಊಟಕ್ಕೆ ಬರಲಿ."