ಹುಲಿಗೆಪ್ಪನ ರುಮಾಲಿನ ನೀರು

ಏ, ಸುಮ್ಮನ ಕೂಡ್ರಿ ಒಂಚೂರು. ಓಡೂದು ಇದ್ದೇ ಐತಿ, ಬಾವಿ ಎಲ್ಲೂ ಎದ್ದು ಹೋಗೂದಿಲ್ಲ. ಓಡಾಕ ಮೊದಲ ಯಾಕ ಓಡ್ತೀವಿ ಅಂತ ಗೊತ್ತಿರಬೇಕು. ಕೇಳ್ರಿ.

ಭಾಳ ಭಾಳ ಹಿಂದ, ಒಂದೂರಾಗ, ಯಾವೂರು ಅಂತೀರಿ, ಇದ ಊರಾಗ, ಹುಲಿಗೆಪ್ಪ ಅಂತ ಒಬ್ಬಂವ ಇದ್ದನಂತ. ಯಾವ ಕಾಲ ಅಂತ ಕೇಳಬ್ಯಾಡ್ರಿ. ನಾನೂ ಸಣ್ಣಾಕಿದ್ದಾಗ ನಮ್ಮವ್ವನ್ನ ಕೇಳಿದ್ದೆ, ಆಕಿಗೂ ಗೊತ್ತಿರಲಿಲ್ಲ. ಆಗ ಊರಿಗೆಲ್ಲಾ ಈ ಮೆಟ್ಟಲಬಾವಿ ಒಂದೇ ನೀರು. ಹೊಳಿ ದೂರ, ಹಳ್ಳ ಬತ್ತಿದ್ದು. ಬಾವ್ಯಾಗ ಬಾವೆವ್ವ ಅದಾಳ ಅಂತ ಜನ ಕೈ ಮುಗದು ನೀರು ತುಂಬತಿದ್ರಂತ.

ಆ ಕಾಲದಾಗ ಬ್ಯಾಸಗಿ ಬಂತಂದ್ರ ಈ ಊರಿನ ಹುಡುಗ್ರು ಓಡ್ತಿರಲಿಲ್ಲಂತ. ಬಿಸಲಿಗಲ್ಲ, ನಾರುಹುಣ್ಣಿಗೆ. ನೀವು ಅದನ್ನ ಕಂಡಿಲ್ಲ, ಕಾಣೂದೂ ಬ್ಯಾಡ ನನ್ನಪ್ಪಾ. ಕಾಲು ಊದಿ ಬಾಯ್ತದ, ಬೆಂಕಿ ಇಟ್ಟಂಗ ಉರೀತದ, ಬೊಬ್ಬಿ ಏಳತದ. ಬೊಬ್ಬಿ ಒಡದ್ರ ಒಳಗಿಂದ ಬಿಳೀ ದಾರದಂಥ ಹುಳ ಹೊರಗ ಬರತದ. ಅದನ್ನ ಜಗ್ಗಬಾರದು. ಒಂದು ಕಡ್ಡಿಗೆ ಸುತಗೋತ, ದಿನಾ ಒಂದು ಚೂರು, ದಿನಾ ಒಂದು ಚೂರು, ಮೆಲ್ಲಕ ತರಬೇಕು. ಜಗ್ಗಿ ಹರೀತಂದ್ರ ಮುಗೀತು, ಒಳಗ ಕೀವು ತುಂಬಿ ಕಾಲು ಸೊಟ್ಟ ಆಗತೈತಿ.

ಆ ಉರಿ ತಡೀಲಾರದ ಜನ ಏನ್ ಮಾಡ್ತಿದ್ರು? ಬಾವೆವ್ವಗ ಹರಕಿ ಹೊತ್ತು, ಮೆಟ್ಟಲ ಇಳದು, ಹುಣ್ಣಿನ ಕಾಲನ್ನ ಬಾವಿ ನೀರಾಗ ಇಡತಿದ್ರಂತ. ಅವ್ವನ ನೀರು ತಂಪು, ಉರಿ ಇಳೀತಿತ್ತು. ಕಾಲು ಇಟ್ಟ ಆ ನೀರನ್ನ ಊರೆಲ್ಲಾ ತುಂಬಿಕೊಂಡು ಹೋಗಿ ಕುಡೀತಿತ್ತು. ಮುಂದಿನ ಬ್ಯಾಸಗಿಗೆ ಇನ್ನಷ್ಟು ಮನ್ಯಾಗ ಹುಣ್ಣು. ಬ್ಯಾನಿ ಕಳೀಲಿ ಅಂತ ಹೊತ್ತ ಹರಕಿಯೇ ಬ್ಯಾನಿ ಹಂಚತಿತ್ತು. ಪಾಪ, ಅವರಿಗೇನು ಗೊತ್ತು? ಯಾರನ್ನಂತ ಬೈಯೂದು?

ಈ ಹುಲಿಗೆಪ್ಪ ಹರೇದಾಗ ದೊಡ್ಡ ಪೈಲ್ವಾನ ಇದ್ದನಂತ. ಕಣದಾಗ ಉರುಳಿಸೋ ರೋಣಗಲ್ಲನ್ನ ಒಂದ ಕೈಲೆ ಎತ್ತತಿದ್ದ ಅಂತಾರ. ಅದು ಸುಳ್ಳಿರಬೇಕು, ಎರಡೂ ಕೈ ಹಚ್ಚಿರತಾನ, ಆದ್ರ ಎತ್ತಿದ್ದು ಖರೆ. ಕುಸ್ತಿ ಗೆದ್ದು ಒಂದು ರುಮಾಲು ತಂದಿದ್ದನಂತ. ಅದರ ಉದ್ದ ಹೇಳಾಕ ಹೋದ್ರ ಒಬ್ಬೊಬ್ಬರದು ಒಂದೊಂದು ಮಾತು. ಊರ ಅಗಸಿ ಬಾಗಿಲದಿಂದ ಗರಡಿಮನಿ ತನಕ ಹಾಸತಿದ್ರು ಅಂತಾರ. ಅದನ್ನ ಅಂವ ಗರಡ್ಯಾಗ ಹನಮಪ್ಪನ ಮುಂದ ಇಟ್ಟು ದಿನಾ ಕೈ ಮುಗೀತಿದ್ದ. ಆಮ್ಯಾಲ ಒಂದು ಬ್ಯಾಸಗಿ ಅವನ ಮೊಣಕಾಲಿಗೇ ನಾರುಹುಣ್ಣು ಬಂತು. ದೊಡ್ಡ ಕುಸ್ತಿ ಮುಂದಿತ್ತು, ತಡಕೊಳ್ಳಲಿಲ್ಲ, ಜಗ್ಗಿದ. ಹುಳ ಹರೀತು, ಕಾಲು ಮಡಚಿದ್ದು ಮಡಚಿದಂಗ ನಿಂತಬಿಡ್ತು. ಊರಿಗೇ ಮಲ್ಲ ಆಗಿದ್ದಂವ ಕುಂಟ ಹುಲಿಗೆಪ್ಪ ಆದ.

ಆಗ ಹುಡುಗ್ರ ಸಾಲಿ, ದ್ಯಾಮವ್ವನ ಗುಡಿ ಪಡಸಾಲ್ಯಾಗ ನಡೀತಿತ್ತಂತ. ಸಾಲಿ ಅಯ್ನೋರು ಒಳ್ಳೇರು. ಹುಡುಗ್ರು ಅಕ್ಷರ ಬರಿಯೋ ಮುಂದ ತೂಕಡಸತಾವ, ಮೈಯಾಗ ಕಸುವಿಲ್ಲ, ನೀ ಬಂದು ಒಂಚೂರು ಕಸರತ್ತು ಕಲಸಪಾ ಅಂತ ಹುಲಿಗೆಪ್ಪನ್ನ ಕರದ್ರಂತ. ನಾ ಕುಂಟ, ನಾ ಏನ್ ಕಲಸ್ಲಿ ಅಂದನಂತ ಇಂವ. ಆದ್ರೂ ಹೋದ. ಗರಡಿ ಕೆಮ್ಮಣ್ಣು ತಂದು ಗುಡಿ ಮುಂದ ಹರವಿದ. ಮುಂಜಾನೆ ಎದ್ದು ಬೇವಿನ ಕಡ್ಡಿ ಹಿಡೀಬೇಕು, ಉಗುರು ಕತ್ತರಿಸಿರಬೇಕು, ಬೂದಿ ಹಚ್ಚಿ ಕೈ ತೊಳೀಬೇಕು, ಆಮ್ಯಾಲ ಬೈಠಕ, ಆಮ್ಯಾಲ ಓಟ. ಉಸಿರು ಮೂಗಿನಾಗ ತಗೋ, ಬಾಯಿ ಮುಚ್ಚು ಅಂತ ಬೆನ್ನು ತಟ್ಟಿ ಹೇಳ್ತಿದ್ದನಂತ. ಹೆಣ್ಣು ಹುಡುಗ್ರನ್ನೂ ಓಡಿಸಿದ. ಅವರ್ಯಾಕ ಓಡಬೇಕು ಅಂತ ದೊಡ್ಡೋರು ತಕರಾರು ತಗದಾಗ, ಅವರಿಗೂ ಕಾಲು ಕೊಟ್ಟಾಕಿ ಬಾವೆವ್ವನ ಅಲ್ಲೇನ್ರಿ ಅಂದನಂತ.

ಆದ್ರ ಬ್ಯಾಸಗಿ ಬಂತು, ಒಂದೊಂದ ಹುಡುಗು ಕುಂಟಾಕ ಹತ್ತಿದ್ವು. ಹುಲಿಗೆಪ್ಪಗ ತಡೀಲಿಲ್ಲ. ಅಂವ ಕುಸ್ತಿಗಂತ ಊರೂರು ತಿರುಗಿದಂವ. ಹಗ್ಗ ಬಿಟ್ಟು ಸೇದೋ ಬಾವಿ ಊರಾಗ ಈ ಹುಣ್ಣು ಇರೂದಿಲ್ಲ, ಕಾಲು ಇಳಿಸೋ ಬಾವಿ ಊರಾಗ ಇರತೈತಿ ಅಂಬೋದನ್ನ ಕಂಡಿದ್ದ. ನೀರನ್ನ ಎರಡು ಮಡಿಕಿ ಅರಿಬ್ಯಾಗ ಸೋಸಿ ಕುಡಿಯೋರ ಮನ್ಯಾಗೂ ಕಾಣಲಿಲ್ಲಂತ. ಯಾಕ ಹಂಗ ಅಂದ್ರ ನನಗ ಗೊತ್ತಿಲ್ಲ ಅಂತಿದ್ದ. ಗೊತ್ತಿಲ್ಲ ಅಂತ ಹೇಳಾಕ ಅವಗ ನಾಚಿಕಿ ಇರಲಿಲ್ಲ.

ಒಂದಿನ ಗರಡಿಗೆ ಹೋದ, ಹನಮಪ್ಪಗ ಕೈ ಮುಗದ, ಆ ರುಮಾಲು ತಂದು ಹುಡುಗ್ರ ಮುಂದ ಚರ್ ಚರ್ ಅಂತ ಹರದನಂತ. ಯವ್ವಾ! ಊರ ಮಂದಿ ಬಾಯಿ ಮ್ಯಾಲ ಕೈ ಇಟಗೊಂಡ್ರು. ಹುಡುಗರಿಗೆಲ್ಲಾ ಒಂದೊಂದು ತುಂಡು ಕೊಟ್ಟ. ಮನ್ಯಾಗರೆ ಆಗಲಿ, ಹೊಲದಾಗರೆ ಆಗಲಿ, ಎಲ್ಲಿ ನೀರು ಕುಡದ್ರೂ ಇದನ್ನ ಮಡಚಿ ತಂಬಗಿ ಬಾಯಿಗೆ ಹಿಡದು ಸೋಸಿ ಕುಡೀರಿ, ಕುಡದು ಅರಿಬಿ ತೊಳದು ಬಿಸಲಿಗೆ ಒಣಹಾಕ್ರಿ, ಬಾವ್ಯಾಗ ಮಾತ್ರ ಕಾಲು ಇಡಬ್ಯಾಡ್ರಿ ಅಂದ. ಆವತ್ತಿಂದ ಹುಡುಗ್ರು ಓಡೋ ಮುಂದ "ಸೋಸು, ಕುಡಿ, ಓಡು" ಅಂತ ಕೂಗಾಕ ಹತ್ತಿದ್ರಂತ. ನೀವು ಕೂಗ್ತೀರಲ್ಲ, ಅದು ಅವರದು. ನಿಮ್ಮದಲ್ಲ.

ಇನ್ನ ದುರುಗಿ ಮಾತು ಹೇಳ್ತೀನಿ. ದುರುಗಿ ಬಾವೆವ್ವನ ಪೂಜಾರ್ತಿ ಕಾಳವ್ವನ ಮೊಮ್ಮಗಳು. ಅವ್ವ ಅಪ್ಪ ಇಲ್ಲದ ಕೂಸು, ಕಾಳವ್ವನ ಜೀವೆಲ್ಲಾ ಅದರ ಮ್ಯಾಲ. ಆಕಿ ಓಡಿದ್ರ ಧೂಳು ಸೈತ ಆಮ್ಯಾಲ ಏಳತಿತ್ತು ಅಂತಾರ. ಹುಲಿಗೆಪ್ಪ ಆಕಿ ಓಡೂದನ್ನ ನೋಡಕೋತ ಕೂತು ತನ್ನ ಮೊಣಕಾಲ ಸವರಿಕೋತಿದ್ದನಂತ. ಅಂಥಾಕಿಗೆ, ಸೋಸಿ ಕುಡ್ಯಾಕ ಹತ್ತಿ ಎರಡು ತಿಂಗಳಾಗಿರಬೇಕು, ಕಾಲು ಬಾತು.

ಊರಾಗ ಗದ್ದಲ ಆತು. ನೋಡ್ರಿ, ಸೋಸಿ ಕುಡದಾಕಿಗೇ ಬಂತು, ಹರಕಿ ಬಿಡಸಾಕ ಹೋಗಿದ್ದಕ್ಕ ಬಾವೆವ್ವ ಮುನಿದಾಳ ಅಂದ್ರು. ಹುಲಿಗೆಪ್ಪ ಹೇಳಿದ, ಇದು ಹ್ವಾದ ವರ್ಷ ಕುಡದ ನೀರಿನ ಹುಳ, ಈ ವರ್ಷದ ನೀರು ಮುಂದಿನ ವರ್ಷ ಮಾತಾಡತೈತಿ ಅಂತ. ಯಾರು ಕೇಳ್ತಾರ? ಕಾಳವ್ವ ಮೊಮ್ಮಗಳನ್ನ ಎತಗೊಂಡು ಬಾವಿಗೆ ಬಂದಳು, ಕಾಲು ನೀರಾಗ ಇಡಸಾಕ. ಹಿಂದ ಊರಿಗೆ ಊರ ಬಂತು.

ಹುಲಿಗೆಪ್ಪ ಮ್ಯಾಲಿನ ಮೆಟ್ಟಲ ಮ್ಯಾಲ ಕೂತಿದ್ದನಂತ. ಅಡ್ಡ ನಿಲ್ಲಲಿಲ್ಲ, ಕೈ ಚಾಚಲಿಲ್ಲ. ಮುದುಕಿನ್ನ ತಡಿಯೂದು ಪೈಲ್ವಾನನ ಕೆಲಸ ಅಲ್ಲ. ಕಾಳವ್ವ ಅವನ ಬಾಜೂಕ ಹಾದು ಇಳದಳು. ನೀರಿನ ಅಂಚಿಗೆ ಬಂದು ಹುಡುಗಿನ್ನ ಇಳಿಸಿದಳು. ಆಗ ದುರುಗಿ ತನ್ನ ಕಾಲನ್ನ ಎರಡೂ ಕೈಲೆ ಎದಿಗೆ ಅವಚಿಕೊಂಡು ಕೂತಬಿಟ್ಟಳಂತ.

"ನಾ ಇಡೂದಿಲ್ಲ ಅಜ್ಜಿ," ಅಂದಳಂತ. "ನಾ ಇಟ್ರ ನಮ್ಮ ಸಾಲಿ ಹುಡುಗ್ರಿಗೆಲ್ಲಾ ಬರತೈತಿ."

ಕಾಳವ್ವ ರಮಿಸಿದಳು, ಬೈದಳು, ಕಡೀಕ ಅತ್ತಳು. ಹುಡುಗಿ ಕಾಲು ಬಿಡಲಿಲ್ಲ. ಉರಿಗೆ ಕಣ್ಣಾಗ ನೀರು ಸುರೀತಿದ್ವಂತ, ಆದ್ರೂ ಬಿಡಲಿಲ್ಲ. ಒಂದು ಗುಟುಕು ನೀರು ಕುಡೀತೀನಿ, ತಡೀರಿ.

ಆಗ ಊರ ಗೌಡ್ರು ನಡುವ ಬಂದು ಕರಾರಿನ ಮಾತು ಕಟ್ಟಿದ್ರು. ಕೂಸಿನ ಕಾಲು ನೆಟ್ಟಗ ಆದ್ರ ಹುಲಿಗೆಪ್ಪ ಹೇಳಿದಂಗ ಊರು ಕೇಳತೈತಿ. ಸೊಟ್ಟ ಆದ್ರ ಅಂವ ಊರು ಬಿಡಬೇಕು, ಹುಡುಗ್ರು ಅರಿಬಿ ತುಂಡನ್ನ ತಿಪ್ಪಿಗೆ ಒಗೀಬೇಕು. ಹುಲಿಗೆಪ್ಪ ಆತ್ರಿ ಅಂದ. ಎದ್ದು ಹಗ್ಗ ತಂದ, ಕೊಡ ತಂದ. ಬಾವಿ ಕಟ್ಟಿ ಮ್ಯಾಲ ನಿಂತು ಸೇದಿ, ಬಾವಿಯಿಂದ ದೂರ ಬೇವಿನ ಗಿಡದ ಬುಡಕ ದುರುಗಿನ್ನ ಕೂಡಿಸಿ, ಕಾಲ ಮ್ಯಾಲ ನೀರು ಹೊಯ್ದ. ಆ ನೀರು ಬಾವಿಗೆ ಹರೀಬಾರದಂತ ಮಣ್ಣಿನ ಒಡ್ಡು ಹಾಕಿದ. ಉರಿ ಅಂದಾಗೆಲ್ಲಾ ಸೇದಿದ, ಹೊಯ್ದ. ಅಂವ ಸೇದಿದ್ದಕ್ಕ ಬಾವಿ ತಳ ಕಾಣತಿತ್ತು ಅಂತಾರ. ಅಷ್ಟು ಸೇದಿದ್ರ ಊರಿಗೆ ಕುಡ್ಯಾಕ ಏನಿರತಿತ್ತು, ನೀವ ಹೇಳ್ರಿ. ಆದ್ರ ಅಂಗೈ ಚರ್ಮ ಕಿತ್ತು ಹಗ್ಗ ಕೆಂಪಾಗಿತ್ತಂತ, ಅದನ್ನ ನಾ ನಂಬ್ತೀನಿ.

ಹುಳ ತೆಲಿ ಹೊರಗ ಹಾಕಿತು. ಹುಲಿಗೆಪ್ಪ ಅದನ್ನ ಕಡ್ಡಿಗೆ ಸುತ್ತಿದ. ದಿನಾ ಮುಂಜಾನೆ ಬಂದು ಒಂದು ಚೂರು. ಕಾಳವ್ವಗ ಹೇಳಿದ್ದನಂತ, ಏನ ಆಗಲಿ ಎವ್ವಾ, ಜಗ್ಗಬ್ಯಾಡ, ನಾ ಜಗ್ಗಿ ಕೆಟ್ಟಂವ ಅಂತ. ಆಕಿ ಹೂಂ ಅಂದಿದ್ದಳು. ಆದ್ರ ಆ ಮುದುಕಿ ಮನ್ಯಾಗ ಒಬ್ಬಾಕಿನ, ಕೂಸು ಅಜ್ಜೀ ಅಜ್ಜೀ ಅಂತ ನರಳೂದನ್ನ ಕೇಳಕೋತ ಕೂತಾಕಿ. ಇನ್ನೇನು ಒಂದು ಗೇಣು ಉಳದೈತಿ, ತಗದ ಬಿಟ್ರ ನನ್ನ ಕೂಸಿಗೆ ನಿದ್ದಿ ಬರತೈತಿ ಅಂದಕೊಂಡು ಒಂದಿನ ಸಂಜಿಮುಂದ ಆಕಿ ಆ ಕಡ್ಡಿ ಜಗ್ಗಿದಳಂತ.

ಮರುದಿನ ಮುಂಜಾನೆ ಹುಲಿಗೆಪ್ಪ ಬಂದ. ಕಡ್ಡಿ ನೋಡಿದ. ಕಾಳವ್ವನ ಮಾರಿ ನೋಡಿದ. ಆಕಿ ತೆಲಿ ಎತ್ತಲಿಲ್ಲ. ಅಂವ ಹುಡುಗಿ ತೆಲಿ ಮ್ಯಾಲ ಕೈ ಇಟ್ಟನಂತ.

ಕಾಲು ಸೊಟ್ಟ ಆತು. ಗೌಡ್ರು ಜನ ಕೂಡಿಸಿದ್ರು. ಹುಲಿಗೆಪ್ಪ, ಏನರೆ ಹೇಳೂದು ಐತೇನಪಾ ಅಂತ ಕೇಳಿದ್ರು. ಹೇಳಿದ್ರ ಮುದುಕಿನ್ನ ಊರು ಉಗೀತಿತ್ತು. ಅಂವ ಇಲ್ರಿ ಅಂದ. ಹೆಗಲಿಗೆ ಒಂದು ಚೀಲ ಹಾಕಿಕೊಂಡು, ಕುಂಟಕೋತ, ಅಗಸಿ ದಾಟಿ ಹೋದ. ಸಾಲಿ ಹುಡುಗ್ರು ಅಗಸಿ ತನಕ ಹಿಂದ ಹೋದ್ರಂತ. ಅಂವ ಹೊಳ್ಳಿ ನೋಡಲಿಲ್ಲ.

ಹುಡುಗ್ರಿಗೆ ಅರಿಬಿ ತಿಪ್ಪಿಗೆ ಒಗೀರಿ ಅಂದ್ರು. ಒಗದ್ವಿ ಅಂದ್ರು ಹುಡುಗ್ರು. ಒಗದಿರಲಿಲ್ಲ ಬಿಡ್ರಿ! ಲಂಗದ ಮಡಿಕ್ಯಾಗ, ಉಡದಾರದ ಒಳಗ ಮುಚ್ಚಿಟ್ಟಿದ್ರು. ಕುಂಟ ದುರುಗಿ ಬಾವಿ ಕಟ್ಟಿ ಮ್ಯಾಲ ಬಂದು ಕೂಡತಿದ್ದಳಂತ, ದಿನಾ. ಯಾವ ಹುಡುಗು ಬಂದ್ರೂ ಕಣ್ಣಿಲೆ ಕೇಳತಿದ್ದಳು. ಸೋಸದ ಕುಡದ್ರ ಮಾತು ಬಿಡತಿದ್ದಳು. ಆಕಿ ಮಾತು ಬಿಟ್ರ ಯಾರಿಗೂ ಸೇರತಿರಲಿಲ್ಲ. ಮಳಿ ಬಂತು, ಚಳಿ ಬಂತು, ಯುಗಾದಿ ಆತು, ಬ್ಯಾಸಗಿ ಬಂತು.

ದೊಡ್ಡೋರು ಕುಂಟಿದ್ರು. ಹೊಲದ ಕೆಲಸ ನಿಂತಿತು. ಸಾಲಿ ಹುಡುಗ್ರೊಳಗ ಒಂದು ಕಾಲೂ ಬಾಯಲಿಲ್ಲ. ಒಂದೂ ಇಲ್ಲ. ಗುಡಿ ಮುಂದ ಆ ಕೆಮ್ಮಣ್ಣಿನಾಗ ಎಲ್ಲಾ ಹುಡುಗ್ರು ಬ್ಯಾಸಗ್ಯಾಗ ಓಡೂದನ್ನ ಊರು ಅವತ್ತ ಮೊದಲ ನೋಡಿದ್ದಂತ. ಮುದುಕರು ಕಟ್ಟಿ ಮ್ಯಾಲ ಎದ್ದು ನಿಂತ್ರಂತ. ಗೌಡ್ರು ಒಂದು ಹುಡುಗನ್ನ ಕರದು ಕೇಳಿದ್ರು. ಅಂವ ಹೆದರಕೋತ ಉಡದಾರದಿಂದ ಆ ರುಮಾಲಿನ ತುಂಡು ತಗದು ತೋರಿಸಿದ.

ಕಾಳವ್ವ ಅಲ್ಲೇ ಇದ್ದಳು. ಓಡೋ ಹುಡುಗ್ರನ್ನ ನೋಡಿದಳು, ಕಟ್ಟಿ ಮ್ಯಾಲ ಕೂತ ತನ್ನ ದುರುಗಿನ್ನ ನೋಡಿದಳು. ಎದಿ ಎದಿ ಬಡಕೊಂಡು, ಅಂವ ಅಲ್ಲ, ಜಗ್ಗಿದಾಕಿ ನಾನು, ಅಂವ ನನ್ನ ಮಾನ ಉಳಿಸಿ ತಾ ಹೋದ ಅಂತ ಊರ ಮುಂದ ಅತ್ತಳಂತ. ದುರುಗಿ ಕುಂಟಕೋತ ಬಂದು ಅಜ್ಜಿ ಕಣ್ಣು ಒರಿಸಿದಳಂತ. ನನಗ ಗೊತ್ತಿತ್ತು ಬಿಡಜ್ಜಿ ಅಂದಳಂತ.

ಅವತ್ತ ಕಾಳವ್ವ ತನ್ನ ಕೈಲೆ ಜಾಲಿಮುಳ್ಳು ಕಡದು ತಂದು ಬಾವಿ ಮೆಟ್ಟಲಿಗೆ ಅಡ್ಡ ಬಡದಳು. ಬಾವೆವ್ವನ ಪೂಜಾರ್ತಿಯೇ ಬಡದ ಮ್ಯಾಲ ಯಾರು ಕೀಳ್ತಾರ? ಅವತ್ತಿಂದ ಈ ಬಾವ್ಯಾಗ ಕಾಲು ಇಳದಿಲ್ಲ. ಅವ್ವನ ತೀರ್ಥಾನೂ ಸೋಸಿನ ಕೊಡೂದು.

ಆಮ್ಯಾಲ ಆ ಮುದುಕಿ ಬುತ್ತಿ ಕಟಗೊಂಡು ಹುಲಿಗೆಪ್ಪನ್ನ ಹುಡುಕಾಕ ಹೋದಳಂತ. ಒಂದೂರಿಗೆ ಹೋದಳು, ಒಬ್ಬ ಕುಂಟ ಮಾಸ್ತರ ಇದ್ದ, ಹುಡುಗ್ರಿಗೆ ಕಸರತ್ತು ಕಲಸತಿದ್ದ, ಹೋದ ಅಂದ್ರು. ಮುಂದಿನೂರಿಗೆ ಹೋದಳು, ಇದ್ದ, ಹೋದ ಅಂದ್ರು. ಹ್ವಾದ ಹ್ವಾದ ಊರಾಗ ಹುಡುಗ್ರ ಉಡದಾರದಾಗ ಅರಿಬಿ ತುಂಡು ಇದ್ದುವಂತ. ಅಂವ ಮಾತ್ರ ಸಿಗಲಿಲ್ಲ. ಎಲ್ಲಿ ಸತ್ತನೋ, ಯಾರು ಮಣ್ಣು ಮಾಡಿದ್ರೋ, ಯಾರಿಗೂ ಗೊತ್ತಿಲ್ಲ. ಕಾಳವ್ವ ಹೊಳ್ಳಿ ಬಂದು ಅಗಸಿ ಬಾಗಿಲದಾಗ ಒಂದು ಮಣ್ಣಿನ ಕೊಡ ಇಟ್ಟಳು. ಅದರಾಗ ಸೋಸಿದ ನೀರು ತುಂಬಿ, ಬಾಯಿಗೆ ಬಿಳೀ ಅರಿಬಿ ಕಟ್ಟಿದಳು. ಬಂದ್ರ ಬಾಯಾರಿ ಬರತಾನ ಅಂದಳಂತ. ಬದುಕಿರೋ ತನಕ ತುಂಬಿದಳು. ಆಕಿ ಹ್ವಾದ ಮ್ಯಾಲ ದುರುಗಿ ತುಂಬಿದಳು. ಆಮ್ಯಾಲ ಸಾಲಿ ಹುಡುಗ್ರು.

ಅದಕ್ಕ, ಯುಗಾದಿ ಮರುದಿನ ಊರಿನ ಹುಡುಗ್ರೆಲ್ಲಾ ಬಾವಿ ಕಟ್ಟಿಗೆ ಬರತೀರಿ. ಹೊಸ ಅರಿಬಿ ಹರದು ಒಂದೊಂದು ತುಂಡು ತಗೋತೀರಿ, ಒಂದು ತುಂಡು ಹೆಚ್ಚಿಗಿ ಹರೀತೀವಿ. ನೀರು ಸೋಸಿ ತಂಬಗಿ ತುಂಬತೀರಿ. ಬೇವಿನ ಗಿಡದ ತನಕ ಎಲ್ಲಾರೂ ಕುಂಟಬೇಕು. ನಗಬಾರದು ಆಗ, ಯಾರ ನಕ್ಕರೂ ನಾ ಬಡೀತೀನಿ. ಒಂದು ಹೆಜ್ಜಿ ಹುಲಿಗೆಪ್ಪಂದು, ಒಂದು ಹೆಜ್ಜಿ ದುರುಗೀದು. ಗಿಡ ದಾಟಿದ ಮ್ಯಾಲ ಓಡ್ರಿ, ಅದು ನಿಮ್ಮದು. ಅಗಸಿಗೆ ಯಾರು ಮೊದಲ ಮುಟ್ಟಿದ್ರು ಅಂತ ಯಾರೂ ಕೇಳೂದಿಲ್ಲ. ತಂಬಗ್ಯಾಗಿನ ನೀರು ಚೆಲ್ಲದ ತಂದು ಆ ಕೊಡಕ್ಕ ಹೊಯ್ಯಬೇಕು. ಹೆಚ್ಚಿನ ತುಂಡನ್ನ ಅದರ ಬಾಯಿಗೆ ಕಟ್ಟಬೇಕು.

ಹೂಂ, ಏಳ್ರಿ ಇನ್ನ, ಬಿಸಲೇರತೈತಿ. ಆ ಕೊಡ ಬರಿದಾಗಬಾರದು. ಅಂವ ಇನ್ನೂ ಬಂದಿಲ್ಲ.