ಅಧ್ಯಕ್ಷರಿಲ್ಲದ ಗುಂಪು

ಗದಗಿನ ಅಂಧ ಮಕ್ಕಳ ಶಾಲೆಯೊಂದರಲ್ಲಿ ಚಂಬಣ್ಣ ಎಂಬ ಕಂಪ್ಯೂಟರ್ ಮಾಸ್ತರರಿದ್ದರು. ಅವರ ಮಕ್ಕಳಿಗೆ ಪರದೆ ಕಾಣುತ್ತಿರಲಿಲ್ಲ. ಪರದೆಯ ಮೇಲಿರುವುದನ್ನು ಕಂಪ್ಯೂಟರೇ ಓದಿ ಹೇಳಬೇಕು, ಮಕ್ಕಳು ಕೇಳಿಸಿಕೊಂಡು ಕಲಿಯಬೇಕು. ಅಲ್ಲಿನ ಕಂಪ್ಯೂಟರ್‌ಗಳಿಗೆಲ್ಲ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿದ್ದರು. ಮುಕ್ತ ಎಂದರೆ, ಅದರ ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು.

ಒಂದು ದಿನ ಗಣಿತದ ಪಾಠ ನಡೆದಿತ್ತು. ಪರದೆಯ ಮೇಲೆ ‘೧೫ರಲ್ಲಿ ೭ ಕಳೆಯಿರಿ’ ಎಂದಿತ್ತು. ಕಂಪ್ಯೂಟರ್ ಗಂಭೀರವಾಗಿ ‘ರಲ್ಲಿ ಕಳೆಯಿರಿ’ ಎಂದು ಓದಿತು.

“ಸರ್, ಯಾವುದ್ರಾಗ ಏನು ಕಳೀಬೇಕ್ರೀ?” ಎಂದು ಮಕ್ಕಳು ಕೇಳಿದರು.

ಚಂಬಣ್ಣ ಮತ್ತೆ ಮತ್ತೆ ಓದಿಸಿ ನೋಡಿದರು. ಇಂಗ್ಲಿಷ್ ಅಂಕಿಗಳನ್ನು ಸರಿಯಾಗಿ ಓದುವ ಕಂಪ್ಯೂಟರ್, ಕನ್ನಡ ಅಂಕಿ ಬಂದರೆ ಸದ್ದಿಲ್ಲದೆ ನುಂಗಿಬಿಡುತ್ತಿತ್ತು. ಶಾಲೆಯ ಪಾಠಗಳೆಲ್ಲ ಇದ್ದದ್ದು ಕನ್ನಡ ಅಂಕಿಯಲ್ಲೇ.

ಕಂಪ್ಯೂಟರ್ ಜೋಡಿಸಿಕೊಟ್ಟವನಿಗೆ ಅವರು ಫೋನ್ ಮಾಡಿದರು. “ಯಾವ ಕಂಪನಿಗೆ ದೂರು ಕೊಡಬೇಕಪಾ ಇದಕ್ಕ?”

“ಕಂಪನಿ ಇಲ್ರೀ ಸರ್. ಇದನ್ನ ಮಾಡಾವ್ರು, ಬಳಸಾವ್ರು ಎಲ್ಲಾ ಸೇರಿ ದೇಶದ ತುಂಬ ಒಂದು ಗುಂಪೈತಿ. ಅಲ್ಲಿಗೆ ಈಮೇಲ್ ಬರೀರಿ,” ಎಂದ ಅವನು.

ಚಂಬಣ್ಣ ‘ಮಾನ್ಯ ಅಧ್ಯಕ್ಷರಿಗೆ’ ಎಂದು ಶುರುಮಾಡಿ, ಶಾಲೆಯ ಮೊಹರು ಹಾಕಿದ ಪತ್ರವನ್ನೇ ಸ್ಕ್ಯಾನ್ ಮಾಡಿ, ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬರೆದು ಕಳಿಸಿದರು. ಮರುದಿನವೇ ಎರಡು ಉತ್ತರ ಬಂದವು. ಒಂದು ಇಂಫಾಲದಲ್ಲಿ ಔಷಧ ಅಂಗಡಿ ನಡೆಸುವ ಇಬೋಚಾ ಎಂಬವರದು. ‘ನಮ್ಮ ಮಣಿಪುರಿ ಅಂಕಿಗಳಿಗೂ ಇದೇ ಗತಿ. ಪರಿಹಾರ ಸಿಕ್ಕರೆ ನಮಗೂ ತಿಳಿಸಿ’ ಎಂದು ಬರೆದಿದ್ದರು. ಇನ್ನೊಂದು ನಾಸಿಕದ ಕುಸುಮತಾಯಿ ಅವರದು, ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ‘ನಮ್ಮಲ್ಲಿ ಅಧ್ಯಕ್ಷರು ಯಾರೂ ಇಲ್ಲ. ತಪ್ಪು ಕಂಡವರು ನೀವು, ಕನ್ನಡ ಬಲ್ಲವರೂ ನೀವು. ತಿದ್ದುವುದು ಹೇಗೆಂದು ನಾನು ತೋರಿಸುತ್ತೇನೆ’ ಎಂದು ಅವರು ಬರೆದಿದ್ದರು.

ಚಂಬಣ್ಣನವರಿಗೆ ತಲೆಬುಡ ಅರ್ಥವಾಗಲಿಲ್ಲ. ಮುಖ್ಯೋಪಾಧ್ಯಾಯಿನಿ ಅಕ್ಕಮಹಾದೇವಿಯವರಿಗೆ ಎರಡೂ ಉತ್ತರ ತೋರಿಸಿದರು.

“ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ. ಇದೆಂಥಾ ಸಂಘಾರೀ?” ಎಂದರು ಅವರು.

“ನನಗೂ ಅದೇ ತಿಳೀವಲ್ದು ನೋಡ್ರಿ. ದೂರು ಕೊಟ್ಟಾವನಿಗೇ ರಿಪೇರಿ ಮಾಡು ಅಂತಾರ!”

ಆದರೆ ಮಕ್ಕಳು ಕಾಯುತ್ತಿದ್ದರು. ಕಂಪ್ಯೂಟರ್ ಹೇಗೆ ಓದಬೇಕೆಂಬ ಸೂಚನೆಗಳಿದ್ದ ಕಡತ ಯಾವುದೆಂದು ಕುಸುಮತಾಯಿ ಹೇಳಿದ್ದರು, ಚಂಬಣ್ಣ ಅದನ್ನು ತೆರೆದರು. ಮೊದಲ ವಾರ ಅದರಲ್ಲಿ ಏನೂ ತಿಳಿಯಲಿಲ್ಲ. ಎರಡು ಸಲ ಕೈ ತಪ್ಪಿ ಕಂಪ್ಯೂಟರ್ ಪೂರ್ತಿ ಮೂಕವಾಯಿತು. ಮೂರನೇ ವಾರ, ಕನ್ನಡ ಅಂಕಿ ಓದಿಸಲು ಹತ್ತೇ ಹತ್ತು ಸಾಲು ಸೇರಿಸಿದರು. ಕಂಪ್ಯೂಟರ್ ‘ಹದಿನೈದರಲ್ಲಿ ಏಳು ಕಳೆಯಿರಿ’ ಎಂದಿತು. ಮಕ್ಕಳು ಬೆಂಚು ಬಡಿದು ಕೇಕೆ ಹಾಕಿದರು.

ವಿಷಯ ತಿಳಿದ ಕುಸುಮತಾಯಿ ಬರೆದರು: ‘ಸಂತೋಷ. ಈಗ ಆ ಹತ್ತು ಸಾಲು ಗುಂಪಿಗೆ ಕಳಿಸಿ. ಎಲ್ಲರಿಗೂ ಸಿಗಲಿ.’

ಇಲ್ಲಿ ಚಂಬಣ್ಣ ಗೊಂದಲಕ್ಕೆ ಬಿದ್ದರು. ದೇಶದ ಜನ ಬಳಸುವ ವಸ್ತುವಿಗೆ ಕೈ ಹಾಕಲು ತಮಗೆ ಅಧಿಕಾರ ಕೊಟ್ಟವರು ಯಾರು? ಶಾಲೆಯ ಅನುಮತಿ ಬೇಕೇ? ಇಲಾಖೆಯದೇ? ತಾವು ಬರೆದದ್ದು ತಪ್ಪಾಗಿದ್ದರೆ? ಬಲ್ಲವರು ನೋಡಿ ನಕ್ಕರೆ? ಒಂದು ದಿನ ಕಳಿಸೋಣ ಎನ್ನಿಸುತ್ತಿತ್ತು, ಮರುದಿನ ಬೇಡ ಎನ್ನಿಸುತ್ತಿತ್ತು. ಕೇಳಿ ತಿಳಿಯೋಣವೆಂದರೆ ಮೇಲಿನವರು ಎಂಬುವರೇ ಇರಲಿಲ್ಲ. ಹೇಗೂ ತಮ್ಮ ಶಾಲೆಯ ಕೆಲಸ ನಡೆದಿತ್ತು. ಅವರು ಸುಮ್ಮನಾದರು.

ಎರಡು ತಿಂಗಳ ಮೇಲೆ ತುಮಕೂರಿನಲ್ಲಿ ಶಿಕ್ಷಕರ ತರಬೇತಿ ಇತ್ತು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತದ್ದು ಕೋಲಾರದ ಕಡೆಯ ಅಂಧ ಮಕ್ಕಳ ಶಾಲೆಯ ಶಿಕ್ಷಕಿ ಜಬೀನಾ. ಅವರ ಶಾಲೆಯಲ್ಲೂ ಅದೇ ಮುಕ್ತ ಸಿಸ್ಟಂ ಇತ್ತು. ಆಕೆ ತಟ್ಟೆ ಮುಟ್ಟದೆ ಕೂತಿದ್ದರು. ಯಾಕೆಂದು ಚಂಬಣ್ಣ ಕೇಳಿದರು.

“ನಮ್ಮ ವೆಂಕಟಲಕ್ಷ್ಮಿ ಅಂತ ಒಬ್ಬ ಹುಡುಗಿ ಇದಾಳೆ ಸರ್. ಲೆಕ್ಕದಲ್ಲಿ ಚುರುಕು. ಕಂಪ್ಯೂಟರಲ್ಲಿ ಪರೀಕ್ಷೆ ಕೊಟ್ರೆ ಒಂದು ಉತ್ತರಾನೂ ಬರೀಲಿಲ್ಲ. ‘ಅಂಕಿನೇ ಕೇಳಿಸ್ಲಿಲ್ಲ ಮಿಸ್’ ಅಂದ್ಲು. ನೆಪ ಹೇಳ್ತಾಳೆ ಅಂತ ಎಲ್ಲರ ಮುಂದೆ ಬೈದ್ಬಿಟ್ಟೆ. ಆಮೇಲೆ ನಾನೇ ಕೂತು ಕೇಳಿದ್ರೆ, ಕಂಪ್ಯೂಟರು ನಿಜವಾಗ್ಲೂ ಅಂಕಿ ಓದ್ತಿರ್ಲಿಲ್ಲ. ಆ ಹುಡುಗಿ ಈಗ ಕಂಪ್ಯೂಟರ್ ಕೋಣೆಗೇ ಬರಲ್ಲ ಅಂತಾಳೆ. ಸರಿ ಮಾಡೋಕೆ ನಾನೂ ಒಂದು ತಿಂಗಳಿಂದ ಒದ್ದಾಡ್ತಿದೀನಿ, ಆಗ್ತಿಲ್ಲ.”

ಚಂಬಣ್ಣನವರ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಮೇಡಂ, ನಮ್ಮಲ್ಲಿ ಅದು ಸರಿಯಾಗಿ ಎರಡು ತಿಂಗಳಾತು,” ಎಂದರು ಮೆಲ್ಲಗೆ.

ಜಬೀನಾ ಚಂಬಣ್ಣನವರ ಮುಖವನ್ನೇ ನೋಡಿದರು. “ಮತ್ತೆ ಯಾಕೆ ಸರ್ ಯಾರಿಗೂ ಹೇಳ್ಲಿಲ್ಲ?”

“ಯಾರನ್ನ ಕೇಳಿ ಕಳಿಸಬೇಕು ಅಂತ ತಿಳೀಲಿಲ್ರೀ.”

ಆ ಮಾತು ತಮ್ಮ ಕಿವಿಗೇ ಪೊಳ್ಳಾಗಿ ಕೇಳಿತು. ಊಟ ಬಿಟ್ಟು ಎದ್ದು, ಗದಗಿನ ಶಾಲೆಗೆ ಫೋನ್ ಮಾಡಿ ಆ ಹತ್ತು ಸಾಲನ್ನು ತರಬೇತಿ ಕೇಂದ್ರದ ಕಂಪ್ಯೂಟರಿಗೆ ತರಿಸಿಕೊಂಡರು. ಗುಂಪಿಗೂ ಜಬೀನಾ ಅವರಿಗೂ ಒಟ್ಟಿಗೇ ಕಳಿಸಿದರು.

ಸಂಜೆಯೊಳಗೆ ಕುಸುಮತಾಯಿ ಒಂದು ತಪ್ಪು ಹಿಡಿದರು. ಚಂಬಣ್ಣನವರ ಸಾಲುಗಳು ನೂರರವರೆಗಿನ ಸಂಖ್ಯೆಗಳನ್ನು ಮಾತ್ರ ಸರಿಯಾಗಿ ಓದಿಸುತ್ತಿದ್ದವು. ಮಂಗಳೂರಿನ ಯಾರೋ ಒಬ್ಬರು ಅದನ್ನು ಲಕ್ಷದವರೆಗೆ ಬೆಳೆಸಿದರು. ಯಾರೂ ನಗಲಿಲ್ಲ. ವಾರದೊಳಗೆ ಇಬೋಚಾ ಅದನ್ನೇ ಮಾದರಿಯಾಗಿಟ್ಟುಕೊಂಡು ಮಣಿಪುರಿ ಅಂಕಿಗಳನ್ನು ಓದಿಸಿದರು. ಆ ಸಿಸ್ಟಂನ ಹೊಸ ಆವೃತ್ತಿ ಬಂದಾಗ, ಅದನ್ನು ಹಾಕಿಕೊಂಡು ಕನ್ನಡ ಓದುವ ಎಲ್ಲ ಕಂಪ್ಯೂಟರ್‌ಗಳಲ್ಲೂ ಆ ಸಾಲುಗಳಿದ್ದವು. ಇದಕ್ಕೆಲ್ಲ ಅಪ್ಪಣೆ ಕೊಟ್ಟವರು ಯಾರು ಎಂಬುದು ಚಂಬಣ್ಣನವರಿಗೆ ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ದಿನದಲ್ಲೇ ಜಬೀನಾ ಫೋನ್ ಮಾಡಿದರು.

“ವೆಂಕಟಲಕ್ಷ್ಮಿ ಹತ್ರ ಕ್ಷಮೆ ಕೇಳಿದೆ ಸರ್. ಕೋಣೆಗೆ ಬಂದ್ಲು, ಲೆಕ್ಕಾನೂ ಮಾಡಿದ್ಲು. ಆದ್ರೆ ಈಗ ಕಂಪ್ಯೂಟರು ಭಾಗಾಕಾರದ ಗುರುತು ಸರಿಯಾಗಿ ಓದಲ್ಲ ಅಂತ ಹೊಸ ತಕರಾರು!”

“ನಾನು ಗುಂಪಿಗೆ ಬರೀತೀನಿ ತಡೀರಿ ಮೇಡಂ.”

“ಬೇಡ ಸರ್. ಬೆಳಗ್ಗೆನೇ ಅವಳೇ ಬರೆದಾಗಿದೆ.”

ನೀತಿ: ಎಲ್ಲರಿಗೂ ಸೇರಿದ್ದನ್ನು ಸರಿಪಡಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ನಾವು ಕಂಡುಕೊಂಡದ್ದು ಅರೆಬರೆಯಾಗಿದ್ದರೂ ಹಂಚಿಕೊಳ್ಳಬೇಕು. ಹಂಚಿಕೊಂಡ ತಪ್ಪನ್ನು ಹತ್ತು ಜನ ತಿದ್ದುತ್ತಾರೆ. ಬಚ್ಚಿಟ್ಟ ಸರಿಯಿಂದ ಒಬ್ಬರಿಗೂ ಉಪಯೋಗವಿಲ್ಲ.